ಸೀರಿ ಫೋಟೋ

ನಡು ಮಧ್ಯಾಹ್ನ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹೊರಟರೆ ಜನ ನನ್ನನ್ನು ಈಗಲೂ ಒಂದು ಥರ ನೋಡುತ್ತಾರೆ. ಮೊನ್ನೆ ಸಾಲೋಟಗಿಯ ನಿಂಬೆ ತೋಟವೊಂದರ ಬದುವಿನ ಮೇಲೆ ನಿಂತು, ಹಣ್ಣು ಆರಿಸುತ್ತಿದ್ದ ಹೆಣ್ಣುಮಗಳೊಬ್ಬಳ ಫೋಟೋ ತೆಗೆಯುತ್ತಿದ್ದೆ. ಮದುವೆಗಳ ಫೋಟೋ ತೆಗೆಯುವ ಊರಿನವನೊಬ್ಬ ಬೈಕ್ ನಿಲ್ಲಿಸಿ, ಈ ಬಿಸಿಲಲ್ಲಿ ಏನೂ ಬರುವುದಿಲ್ಲ, ಸಂಜೆ ಬನ್ನಿ, ಆಗ ಲೈಟ್ ಚೆನ್ನಾಗಿರುತ್ತದೆ ಎಂದು ಬುದ್ಧಿ ಹೇಳಿದ. ಕ್ಯಾಮೆರಾದೊಳಗೆ ಇರುವುದು ಕಪ್ಪು-ಬಿಳುಪಿನ ರೀಲು ಎಂದು ತಿಳಿದ ಮೇಲಂತೂ ಅವನಿಗೆ ನನ್ನ ಮೇಲೆ ಕನಿಕರವೇ ಬಂತು. ನಾನು ಸಂಜೆ ಹೋಗಲಿಲ್ಲ. ಇಷ್ಟು ವಯಸ್ಸಾದರೂ ಸಂಜೆಯ ಮೆತ್ತನೆಯ ಬೆಳಕಿಗಾಗಿ ನಾನು ಕಾದವಳಲ್ಲ. ಇದು ಹಟವೆಂದರೆ ಹಟವೇ, ಬೇರೆ ಹೆಸರು ಬೇಡ. ಈ ಹಟ ನನಗೆ ಹತ್ತಿದ್ದು ಇಂಡಿ ಊರಿನ ನಮ್ಮ ಮನೆಯಲ್ಲಿ, ಒಬ್ಬ ಹೆಣ್ಣುಮಗಳ ಮುಖಕ್ಕಾಗಿ.

ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮಣ್ಣಿನ ಮಾಳಿಗೆಯ ಮನೆ ನಮ್ಮದು. ನಡುವೆ ಅಂಗಳ, ಅಂಗಳದ ಎಡಕ್ಕೆ ಕಾಕಾನ ಹತ್ತಿ, ಬಲಕ್ಕೆ ಅಪ್ಪನ ಕ್ಯಾಮೆರಾ. ನಾವು ನದಾಫರು, ಹತ್ತಿ ಹಿಂಜಿ ಗಾದಿ ಮಾಡುವುದು ಮನೆತನದ ಕಸುಬು. ಕಾಕಾ ಅದನ್ನೇ ಹಿಡಿದಿದ್ದ. ಅಪ್ಪ ಮಾತ್ರ ಎಲ್ಲಿಂದಲೋ ಎರಡು ಕಣ್ಣಿನ ಪೆಟ್ಟಿಗೆ ಕ್ಯಾಮೆರಾ ತಂದು, ಪಡಸಾಲೆಗೆ ಒಂದು ಪರದೆ ಕಟ್ಟಿ, ಫೋಟೋದವನಾಗಿದ್ದ. ಈ ಎರಡು ಕಸುಬು ಒಂದೇ ಮಾಳಿಗೆಯ ಕೆಳಗೆ ಇರಬಾರದು ಎಂದು ತಿಳಿಯಲು ನಮ್ಮ ಮನೆಯಲ್ಲಿ ಒಂದು ದಿನ ಇದ್ದರೆ ಸಾಕಿತ್ತು. ಕಾಕಾ ಹಿಂಜುವ ಬಿಲ್ಲು ಮೀಟಿದರೆ ಹತ್ತಿಯ ಎಳೆಗಳು ಅಂಗಳ ದಾಟಿ ಹಾರಿ ಬಂದು, ಒಣಗಲು ತೂಗುಬಿಟ್ಟ ನೆಗೆಟಿವ್ ಮೇಲೆ ಕೂರುತ್ತಿದ್ದವು. ಫೋಟೋ ಆದ ಮೇಲೆ ಮದುಮಗನ ಮೂಗಿನ ಮೇಲೊಂದು ಬಿಳಿ ಎಳೆ. ಅಪ್ಪ ಬಯ್ಯುತ್ತಿದ್ದ, ಕಾಕಾ ಇನ್ನೂ ಜೋರಾಗಿ ಬಿಲ್ಲು ಮೀಟುತ್ತಿದ್ದ. ಇಬ್ಬರ ನಡುವೆ ಕಟ್ಟೆಯ ಮೇಲೆ ಕೂತ ಆಯಿ, ಅಂದರೆ ಅಪ್ಪನ ಅವ್ವ, ತಸಬಿಯ ಜಪಮಣಿ ಎಣಿಸುತ್ತಲೇ ಇಬ್ಬರಿಗೂ ಸಮನಾಗಿ ಬಯ್ಯುತ್ತಿದ್ದಳು. ತಾನು ನಮಾಜು ಮಾಡುವ ಒಳಗಿನ ಕೋಣೆಯಲ್ಲಿ ಅವಳು ಒಂದು ಫೋಟೋವನ್ನೂ ಬಿಟ್ಟುಕೊಂಡಿರಲಿಲ್ಲ. ಫೋಟೋಗಳೆಲ್ಲ ಪಡಸಾಲೆಯ ಗೋಡೆಗೆ.

ನಮ್ಮ ಗಿರಾಕಿಗಳು ಬರುತ್ತಿದ್ದುದೇ ಬಿಸಿಲು ನೆತ್ತಿಗೇರಿದ ಮೇಲೆ. ತಾಂಬಾದ ಕಡೆಯಿಂದ, ಸಿಂದಗಿಯ ಕಡೆಯಿಂದ ಬಸ್ಸು ಹಿಡಿದು ಬಂದು, ಸಂತೆ, ಕಚೇರಿ ಎಲ್ಲ ಮುಗಿಸಿ, ತಿರುಗಿ ಹೋಗುವ ಬಸ್ಸಿಗೆ ಇನ್ನೂ ಹೊತ್ತಿದೆ ಎಂದಾಗ ಫೋಟೋ ನೆನಪಾಗುತ್ತಿತ್ತು ಅವರಿಗೆ. ಕರೆಂಟು ನಂಬುವಂತಿರಲಿಲ್ಲ. ಹಾಗಾಗಿ ಪರದೆಯನ್ನು ಪಡಸಾಲೆಯಿಂದ ಬಿಚ್ಚಿ ತಂದು ಅಂಗಳದಲ್ಲಿ ಕಟ್ಟಿ, ಅಪ್ಪ ಬಿಸಿಲಲ್ಲೇ ಕುರ್ಚಿ ಹಾಕುತ್ತಿದ್ದ. ಬಂದವರು ಹೊಸ ಅರಿವೆ ಉಟ್ಟು ಬಂದಿರುತ್ತಿದ್ದರು. ಕೂತ ತಕ್ಷಣ ಅವರೆಲ್ಲ ಹೇಳುತ್ತಿದ್ದುದು ಒಂದೇ ಮಾತು, ಜರಿ ಕಾಣಬೇಕು ಎಂದು. ಮುಖ ಕಾಣಬೇಕು ಎಂದು ಯಾರೂ ಹೇಳಿದ್ದು ನನಗೆ ನೆನಪಿಲ್ಲ. ಮುಖ ಹೇಗೂ ಬರುತ್ತದೆ ಎಂದು ತಿಳಿದಿದ್ದರೇನೋ. ಅದು ಬರುತ್ತಿರಲಿಲ್ಲ. ನೆತ್ತಿಯ ಬಿಸಿಲಲ್ಲಿ ಬಿಳಿ ಧೋತರ, ತಲೆಯ ಪಟಗ, ಜರಿಯ ಅಂಚು ಎಲ್ಲ ಧಗಧಗ ಹೊಳೆಯುತ್ತಿದ್ದವು; ಸೆರಗಿನ, ಪಟಗದ ನೆರಳಿನಲ್ಲಿ ಮುಖ ಹಂಚಿನ ತಳದಂತೆ ಕಪ್ಪಾಗುತ್ತಿತ್ತು. ಕ್ಯಾಮೆರಾದ ಕಣ್ಣು ಎಷ್ಟು ತೆರೆಯಬೇಕೆಂಬುದಕ್ಕೆ ಒಂದು ಉಂಗುರವಿತ್ತು, ಅಪ್ಪ ಅದಕ್ಕೆ ಬಳೆ ಎನ್ನುತ್ತಿದ್ದ. ಆ ಬಳೆಯನ್ನು ಹದಿನಾರರ ಮೇಲಿಟ್ಟರೆ ಕಣ್ಣು ಸಣ್ಣದಾಗಿ, ಜರಿಯ ಒಂದೊಂದು ಎಳೆಯೂ ಎಣಿಸುವಂತೆ ಬರುತ್ತಿತ್ತು. "ಬಿಸಲಿಗೆ ಹದಿನಾರು" ಎನ್ನುವುದು ಅಪ್ಪನ ಕಲ್ಮಾ ಇದ್ದಂತೆ. ಮುಖದ ಗತಿಯನ್ನು ಆಮೇಲೆ ಪೆನ್ಸಿಲ್ ನೋಡಿಕೊಳ್ಳುತ್ತಿತ್ತು. ನೆಗೆಟಿವ್ ಮೇಲೆ ಮುಖವಿದ್ದಲ್ಲಿ ಚೂಪಾದ ಪೆನ್ಸಿಲ್‌ನಿಂದ ಸಣ್ಣಗೆ ತೀಡಿದರೆ, ಫೋಟೋದಲ್ಲಿ ಆ ಮುಖ ಬೆಳ್ಳಗಾಗುತ್ತಿತ್ತು. ನಮ್ಮ ತಾಲೂಕಿನ ಕರಿ ಮುಖಗಳನ್ನೆಲ್ಲ ಅಪ್ಪ ಆ ಪೆನ್ಸಿಲ್ಲಿನಿಂದ ಬೆಳ್ಳಗೆ ಮಾಡಿ ಕಳಿಸಿದ್ದ. ಜನ ಖುಷಿಯಿಂದ ಒಯ್ದಿದ್ದರು.

ಪೆನ್ಸಿಲ್ ಕಲಿಯುವುದಕ್ಕೂ ಮೊದಲು ಅಪ್ಪ ತೆಗೆಸಿದ ಫೋಟೋ ಒಂದೇ, ಅವನ ಮದುವೆಯದು. ಅವ್ವನ ತವರು ಮುದ್ದೇಬಿಹಾಳದ ಅಂಗಳದಲ್ಲಿ, ಉಂಡೆದ್ದ ಮೇಲೆ, ಅದೇ ನೆತ್ತಿಯ ಬಿಸಿಲಲ್ಲಿ ಯಾರೋ ತೆಗೆದದ್ದು. ಅವ್ವ ಕಪ್ಪು. ನಾನು ಅವಳಿಗಿಂತ ಒಂದು ಕೈ ಹೆಚ್ಚೇ. ಆವತ್ತು ಅವಳು ಉಟ್ಟಿದ್ದು ಆಯಿ ತಾನೇ ಹೋಗಿ ಆರಿಸಿ ತಂದ ಮುತ್ತಿನ ಬಣ್ಣದ, ಅಗಲ ಜರಿಯ ಸೀರೆ. ಫೋಟೋ ಬಂದಾಗ ಜರಿ ಬಂದಿತ್ತು, ನೆರಿಗೆ ಬಂದಿತ್ತು, ಸೆರಗಿನ ಹೂವು ಬಂದಿತ್ತು. ಸೆರಗಿನೊಳಗೆ ಮುಖ ಇರಬೇಕಾದಲ್ಲಿ ಒಂದು ಕಪ್ಪು ತೂತು. ಬಸವನ ಬಾಗೇವಾಡಿಯ ನೆಂಟರು ಕೂತಿದ್ದಾಗಲೇ ಆಯಿ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ ಹೇಳಿದ ಮಾತು ನಮ್ಮ ಮನೆಯಲ್ಲಿ ಗಾದೆಯಾಗಿ ಉಳಿದುಬಿಟ್ಟಿತು.

"ಇದು ಸೊಸಿ ಫೋಟೋ ಅಲ್ಲ ಬಿಡ್ರಿ, ಸೀರಿ ಫೋಟೋ ಐತಿ."

ಎಲ್ಲರೂ ನಕ್ಕರಂತೆ. ಅಪ್ಪನೂ ನಕ್ಕನಂತೆ. ಅಂದಿನಿಂದ ಅವ್ವ ಕ್ಯಾಮೆರಾದ ಮುಂದೆ ನಿಂತಿರಲಿಲ್ಲ. ಕಟ್ಟು ಹಾಕಿಸಿದ್ದ ಆ ಫೋಟೋವನ್ನು ಪಡಸಾಲೆಯ ಮೊಳೆಯಿಂದ ಅವಳು ತೆಗೆಯಲೂ ಇಲ್ಲ. ಮುಖ ಗೋಡೆಗೆ ಮಾಡಿ, ಬೆನ್ನು ನಮ್ಮ ಕಡೆ ಮಾಡಿ ತೂಗುಹಾಕಿದ್ದಳು. ಗೋಡೆಯ ತುಂಬ ಕಂಡವರ ಮದುವೆ, ಕಂಡವರ ಮಕ್ಕಳು, ನಡುವೆ ನಮ್ಮ ಅವ್ವನ ಹೆಸರಿನಲ್ಲಿ ಒಂದು ರಟ್ಟಿನ ಬೆನ್ನು. ಬಂದವರು ಇದೇನು ಹೀಗೆ ಎಂದು ಕೇಳಿದರೆ ಅಪ್ಪ ಮಾತು ಮರೆಸುತ್ತಿದ್ದ.

ಚೋದ್ಯವೆಂದರೆ, ಗೋಡೆಯ ಮೇಲಿನ ಎಲ್ಲ ಮುಖಗಳನ್ನು ನೀರಿನಿಂದ ಎತ್ತಿದವಳು ಅವಳೇ. ರೀಲು ತೊಳೆಯುವುದು, ಫೋಟೋ ತೊಳೆಯುವುದು ಅವ್ವನ ಕೆಲಸ. ಜೋಳದ ಚೀಲಗಳಿದ್ದ ಕಿಟಕಿಯಿಲ್ಲದ ಕೋಣೆಯೇ ಕತ್ತಲೆ ಕೋಣೆ. ಮಾಳಿಗೆಯ ಬೆಳಕಿಂಡಿಗೆ ತಗಡು ಮುಚ್ಚಿ, ಬಾಗಿಲ ಸಂದಿಗೆ ಹಳೆಯ ಕೌದಿ ತುರುಕಿದರೆ ಹಗಲಲ್ಲೂ ಕೈಗೆ ಕೈ ಕಾಣುತ್ತಿರಲಿಲ್ಲ. ರೀಲು ತೊಳೆಯುವಾಗ ಕೆಂಪು ಬಲ್ಬೂ ಹಚ್ಚುವಂತಿಲ್ಲ. ಅವ್ವ ರೀಲಿನ ಎರಡೂ ತುದಿ ಹಿಡಿದು ತಾಟಿನ ಔಷಧದಲ್ಲಿ ಏರಿಸಿ ಇಳಿಸುತ್ತ, ಹೊತ್ತು ತಿಳಿಯಲು ಬೀಸುಕಲ್ಲಿನ ಪದ ಹಾಡುತ್ತಿದ್ದಳು. ಊರಿಗೆ ಗಿರಣಿ ಬಂದು ನಮ್ಮ ಬೀಸುಕಲ್ಲು ಮೂಲೆ ಸೇರಿತ್ತು, ಪದ ಮಾತ್ರ ಕೆಲಸಕ್ಕೆ ಉಳಿದಿತ್ತು. ಪದ ಮುಗಿದರೆ ರೀಲು ಆಯಿತೆಂದು ಲೆಕ್ಕ. ನಾನು ಜೋಳದ ಚೀಲದ ಮೇಲೆ ಕೂತು ಕೇಳುತ್ತಿದ್ದೆ. ಆಮೇಲೆ ಕೆಂಪು ಬಲ್ಬು ಹಚ್ಚಿ ಕಾಗದವನ್ನು ತಾಟಿಗೆ ಬಿಟ್ಟಾಗ, ಬಿಳಿ ಕಾಗದದ ಮೇಲೆ ಮೊದಲು ಕೂದಲು, ಟೋಪಿ, ಕೋಟು, ಕುರ್ಚಿಯ ಕಾಲು ಮೂಡುತ್ತಿದ್ದವು. ಕಪ್ಪಿದ್ದದ್ದು ಮೊದಲು ಬರುತ್ತಿತ್ತು. ಪೆನ್ಸಿಲ್ ತೀಡಿದ ಮುಖಗಳು ಎಲ್ಲಕ್ಕಿಂತ ಕಡೆಗೆ, ಬರಲೋ ಬೇಡವೋ ಎಂಬಂತೆ ಬರುತ್ತಿದ್ದವು.

ಒಂದು ರಂಜಾನ್ ಹಬ್ಬಕ್ಕೆ ಅಪ್ಪ ನನ್ನದೊಂದು ಫೋಟೋ ತೆಗೆದ. ಹೊಸ ಲಂಗ, ಕೈತುಂಬ ಬಳೆ. ಎರಡು ದಿನ ಬಿಟ್ಟು ಕೈಗೆ ಕೊಟ್ಟಾಗ ನೋಡುತ್ತೇನೆ, ನನ್ನ ಲಂಗ ತೊಟ್ಟು, ನನ್ನ ಬಳೆ ಹಾಕಿಕೊಂಡು ಯಾವಳೋ ಬಿಳಿ ಹುಡುಗಿ ಕೂತಿದ್ದಾಳೆ. ಕೈ ನನ್ನವೇ, ಕಪ್ಪು. ಮುಖ ಮಾತ್ರ ಸುಣ್ಣ ಬಳಿದ ಗೋಡೆ. ಇವಳು ಯಾರೆಂದು ಕೇಳಿದೆ. ನೀನೇ, ಚಂದ ಮಾಡೇನಿ ಎಂದ ಅಪ್ಪ, ಪ್ರೀತಿಯಿಂದಲೇ.

"ಹಂಗಂದ್ರ ನಾ ಇದ್ದಂಗ ಚಂದ ಇಲ್ಲೇನು?"

ಅಪ್ಪ ಪೆನ್ಸಿಲ್ಲಿನ ತುದಿಯನ್ನು ಅಂಗಿಗೆ ಒರೆಸಿಕೊಂಡ. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಆ ಸಿಟ್ಟು ಅಪ್ಪನ ಮೇಲಿನದು ಎಂದು ಆಗ ತಿಳಿದಿದ್ದೆ. ಅದಕ್ಕಿಂತ ದೊಡ್ಡದರ ಮೇಲಿನದು ಎಂದು ಈಗ ಗೊತ್ತು. ಗೋಡೆಗೆ ಮುಖ ಮಾಡಿದ ಆ ಕಟ್ಟನ್ನು ನೋಡುತ್ತ ಆವತ್ತೇ ತೀರ್ಮಾನಿಸಿದೆ: ಅವ್ವನ ಫೋಟೋ ನಾನು ತೆಗೆಯುತ್ತೇನೆ, ಅವಳು ಇದ್ದ ಹಾಗೆ ತೆಗೆಯುತ್ತೇನೆ, ಪೆನ್ಸಿಲ್ ಮುಟ್ಟಗೊಡುವುದಿಲ್ಲ. ನಮ್ಮವ್ವ ಚಂದ ಇದ್ದಾಳೆ ಎಂದು ಆಯಿಯ ಮುಂದೆ ಹೇಳಿಯೂ ಬಿಟ್ಟೆ. ಆಯಿ ಎಲೆ ಅಡಿಕೆ ಜಗಿಯುತ್ತಲೇ, ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಕೇಳಿದ್ದೆ, ಇಲ್ಲಿ ಹೆಗ್ಗಣಕ್ಕೇ ಹೆತ್ತವಳು ಮುದ್ದಾಗಿದ್ದಾಳೆ ಎಂದಳು. ನಾನು ಮನಸ್ಸಿನಲ್ಲಿ ಲೆಕ್ಕ ಬರೆದಿಟ್ಟುಕೊಂಡೆ.

ಅಪ್ಪ ಕ್ಯಾಮೆರಾ ಕೊಡಲು ಒಪ್ಪಲು ಬಹಳ ದಿನ ಹಿಡಿಯಿತು. ಅವನು ಹೋದಲ್ಲೆಲ್ಲ ಹಿಂದೆ ಹೋದೆ, ಪರದೆ ಕಟ್ಟಿದೆ, ಕುರ್ಚಿ ಹೊತ್ತೆ, ಗಿರಾಕಿಗಳಿಗೆ ನೀರು ಕೊಟ್ಟೆ, ಅವರು ಹೋದ ಮೇಲೆ ಕೇಳಿದ್ದನ್ನೇ ಕೇಳಿದೆ. ಕಡೆಗೆ ಬೇಸತ್ತು, ರೀಲಿನ ಬಾಲದಲ್ಲಿ ಉಳಿದದ್ದೊಂದನ್ನು ಕಾಕಾನ ಮೇಲೆ ತೆಗೆದು ನೋಡು ಎಂದ. ಕಾಕಾ ಬಿಳಿ ಬನಿಯನ್ನಿನಲ್ಲಿ ಹತ್ತಿಯ ಗುಡ್ಡೆಯ ನಡುವೆ ಬಿಸಿಲಲ್ಲಿ ಕೂತ. ನಾನು ಬಳೆಯನ್ನು ಅಪ್ಪ ಹೇಳಿದ ಹಾಗೆ ಹದಿನಾರಕ್ಕೇ ಇಟ್ಟೆ. ಫೋಟೋದಲ್ಲಿ ಹತ್ತಿ ಬಂತು, ಬನಿಯನ್ ಬಂತು, ಬನಿಯನ್ನಿನ ತೂತುಗಳೂ ಬಂದವು, ಕಾಕಾ ಮಾತ್ರ ಬರಲಿಲ್ಲ. ಮಧ್ಯಾಹ್ನದ ಬಿಸಿಲೇ ಹಾಗೆ, ಅದರಲ್ಲಿ ಕರಿ ಮುಖಕ್ಕೆ ದಾರಿಯಿಲ್ಲ, ಅವ್ವನನ್ನು ತೆಗೆಯುವುದಿದ್ದರೆ ಸಂಜೆ ತೆಗಿ ಎಂದ ಅಪ್ಪ. ಸಂಜೆಗೆ ಅವ್ವನಿಗೆ ಒಲೆ, ನೀರು, ದೀಪ, ಆಯಿಯ ಕಾಲು ತಿಕ್ಕುವುದು. ಅವಳಿಗೆ ಬಿಡುವಿದ್ದದ್ದು ಮಧ್ಯಾಹ್ನ ಉಂಡ ಮೇಲೆ, ಬಿಸಿಲಿಗೆ ಹೆದರಿ ಉಳಿದವರೆಲ್ಲ ಮಲಗಿದಾಗ. ಸಂಜೆಯ ಬೆಳಕಿನಲ್ಲಿ ಕೂರುವ ಹೆಂಗಸರು ಬೇರೆ ಮನೆಗಳಲ್ಲಿದ್ದರು.

ಮರುದಿನ ಊಟಕ್ಕೆ ಕೂತಾಗ ಕೇಳಿಯೇಬಿಟ್ಟೆ: ಸೀರೆಯನ್ನು ನೋಡದೆ, ಮುಖ ನೋಡಿ ಬೆಳಕು ಕೊಟ್ಟರೆ ಏನಾಗುತ್ತದೆ? ಬಳೆಯನ್ನು ಹದಿನಾರರಿಂದ ಎಂಟಕ್ಕೆ ತಿರುಗಿಸಿ ಕಣ್ಣು ಇನ್ನಷ್ಟು ತೆರೆದರೆ? ಅವ್ವ ರೊಟ್ಟಿ ಬಡಿಸುತ್ತಿದ್ದಳು. ಅಪ್ಪ ತುತ್ತು ಕೈಯಲ್ಲೇ ಹಿಡಿದು ನಕ್ಕ.

"ಮಾರಿಗೆ ಕೊಟ್ಟಿ ಅಂದ್ರ ಸೀರಿ ಸುಟ್ಟು ಹೋಗತೈತಿ. ಜರಿ ಇಲ್ಲ, ದಡಿ ಇಲ್ಲ, ಬರೇ ಬಿಳಿ ಕಾಗದ. ಅಂಥಾ ಫೋಟೋ ಯಾರ ಒಯ್ತಾರ? ಇದು ಬಿಸಲಿನ ತಪ್ಪ ಐತಿ, ನಂದಲ್ಲ."

ಅವ್ವ ರೊಟ್ಟಿಯನ್ನು ಅಪ್ಪನ ತಾಟಿಗೆ ಹಾಕಿದಳು. ಮೊದಲು, ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ತನ್ನಷ್ಟಕ್ಕೆ ಅಂದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಸುಟ್ಟ್ರ ಸುಡಲಿ. ನಾ ಯಾರಿಗೂ ಸೀರಿ ತೋರಸಬೇಕಾಗಿಲ್ಲ. ಒಮ್ಮೆ ತಗಿ. ಮತ್ತ ಸೀರಿನ ಬಂತಂದ್ರ, ಇನ್ನ ಈ ಜಲ್ಮದಾಗ ನನ್ನ ಕೇಳಬ್ಯಾಡ."

ಅಂದರೆ ಒಂದೇ ಸಲ. ಕೆಟ್ಟರೆ ಆ ರಟ್ಟಿನ ಬೆನ್ನು ಕೊನೆತನಕ ಗೋಡೆಯ ಮೇಲೆ.

ಆ ಮಧ್ಯಾಹ್ನ ಅವ್ವ ಟ್ರಂಕು ತೆರೆದು, ಮದುವೆಯಾದ ಮೇಲೆ ಮುಟ್ಟದಿದ್ದ ಅದೇ ಮುತ್ತಿನ ಬಣ್ಣದ ಸೀರೆಯನ್ನು ಉಟ್ಟಳು. ಬೇರೆ ಕಪ್ಪು ಸೀರೆ ಉಡು, ಕೆಲಸ ಸುಲಭವಾಗುತ್ತದೆ ಎಂದು ಹೇಳಬೇಕೆನಿಸಿತು. ಅವಳ ಮುಖ ನೋಡಿ ಸುಮ್ಮನಾದೆ. ಅವಳಿಗೆ ಆ ಸೀರೆಯೊಂದಿಗೇ ತೀರಿಸಿಕೊಳ್ಳುವುದಿತ್ತು. ಮೆಟ್ಟಿಲೇರಿ ಮಾಳಿಗೆಗೆ ಹೋದೆವು. ಮಣ್ಣು ಕಾಲು ಸುಡುತ್ತಿತ್ತು. ನೆರಳುಗಳೆಲ್ಲ ಕಾಲಡಿಗೆ ಬಂದು ಅಡಗಿದ್ದವು. ಅವ್ವ ನಿಂತಳು, ತಲೆಯ ಮೇಲೆ ಸೆರಗು. ನಾನು ಕ್ಯಾಮೆರಾದ ಮೇಲೆ ತಲೆ ಬಗ್ಗಿಸಿ ಗಾಜಿನೊಳಗೆ ನೋಡಿದೆ. ಹಣೆಯ ಕೆಳಗೆ ಕಣ್ಣುಗಳಿರಬೇಕಾದಲ್ಲಿ ಎರಡು ಕಪ್ಪು ಕುಣಿ. ಎಂಟಕ್ಕೆ ತಿರುಗಿಸಿದರೂ ಆ ಕುಣಿಗಳು ತುಂಬುವುದಿಲ್ಲ ಎಂದು ನನಗೆ ಅನಿಸಿತು. ಆಗ ಕಾಕಾ ಮೇಲೆ ಬಂದ, ಬಗಲಲ್ಲಿ ಗಾದಿಗೆ ಹಾಕುವ ಹೊಸ ಬಿಳಿ ಬಟ್ಟೆಯ ಸುರುಳಿ. ಅದನ್ನು ಅವ್ವನ ಕಾಲಿನ ಮುಂದೆ ಹಾಸಿ, ಅಂಚುಗಳಿಗೆ ಕಲ್ಲು ಇಟ್ಟ. ಹತ್ತಿಯ ಗುಡ್ಡೆಯ ಹತ್ತಿರ ಬಗ್ಗಿ ಕೆಲಸ ಮಾಡುವಾಗ ಹತ್ತಿಗೆ ಬಡಿದ ಬೆಳಕು ತನ್ನ ಗದ್ದದ ಕೆಳಗಿಂದ ಬಂದು ಕಣ್ಣಿಗೆ ಚುಚ್ಚುತ್ತದೆ, ಅದಕ್ಕೆ ತಂದೆ ಎಂದ. ಬಿಸಿಲು ಆ ಬಟ್ಟೆಗೆ ಬಡಿದು ಮೇಲಕ್ಕೆ ಹಾರಿತು. ಗಾಜಿನೊಳಗೆ ಅವ್ವನ ಕಣ್ಣು ತೆರೆದುಕೊಂಡವು.

ಬಳೆಯನ್ನು ಎಂಟಕ್ಕೆ ತಿರುಗಿಸಿದೆ. ತಿರುಗಿಸುವಾಗ ಮೆಟ್ಟಿಲ ತಲೆಯಲ್ಲಿ ಅಪ್ಪ ನಿಂತಿದ್ದದ್ದು ಕಂಡಿತು. ಯಾವಾಗ ಬಂದಿದ್ದನೋ. ಅವನ ಕಣ್ಣು ಬಳೆಯ ಮೇಲಿತ್ತು. ಕೈ ಅರ್ಧ ಮುಂದೆ ಬಂತು, ಹಾಗೇ ಹಿಂದೆ ಹೋಯಿತು. ಕೆಳಗೆ ಹಿಂಜುವ ಬಿಲ್ಲಿನ ಸದ್ದಿರಲಿಲ್ಲ. ಮನೆ ಅಷ್ಟು ಸುಮ್ಮನಿದ್ದದ್ದನ್ನು ನಾನು ಕೇಳಿರಲೇ ಇಲ್ಲ. ಅವ್ವ ನಗಲಿಲ್ಲ, ಗದ್ದ ತಗ್ಗಿಸಲಿಲ್ಲ, ಬಿಸಿಲಿಗೆ ಕಣ್ಣು ಕಿರಿದು ಮಾಡಲೂ ಇಲ್ಲ. ಬಾಕಿ ಕೊಡಬೇಕಾದವರ ಮನೆಯ ಮುಂದೆ ನಿಂತವಳಂತೆ ನೇರ ನೋಡಿದಳು. ನಾನು ಉಸಿರು ಹಿಡಿದು ಒತ್ತಿದೆ.

ರೀಲನ್ನು ಅವ್ವ ಅದೇ ಹೊತ್ತಿಗೆ ತೊಳೆಯಲು ಕೂತಳು, ಉಟ್ಟ ಸೀರೆಯ ಮೇಲೆ ಹಳೆಯ ಟವೆಲ್ ಸುತ್ತಿಕೊಂಡು. ಕತ್ತಲಲ್ಲಿ ಪದ ಶುರುವಾಯಿತು. ನನಗೆ ಆ ಪದದ ಪ್ರತಿ ನುಡಿಯೂ ಬಾಯಿಪಾಠ. ಇನ್ನೂ ಕೊನೆಯ ನುಡಿ ಉಳಿದಿದೆ ಎನ್ನುವಾಗ ಅವ್ವನ ದನಿ ನಿಂತಿತು, ರೀಲನ್ನು ಔಷಧದಿಂದ ಎತ್ತಿದ ನೀರಿನ ಸದ್ದು ಕೇಳಿತು. ನನಗೆ ಗಾಬರಿ. ಪದ ಮುಗಿಯಲಿಲ್ಲವಲ್ಲ ಎಂದೆ. ಬಿಸಿಲಲ್ಲಿ ಮೊದಲೇ ಬೆಂದು ಬಂದದ್ದನ್ನು ಮತ್ತೆ ಎಷ್ಟು ಬೇಯಿಸುತ್ತಿ, ಕಾದ ಹಂಚಿನ ಮೇಲಿನ ರೊಟ್ಟಿಯನ್ನು ಬೇಗ ಎತ್ತಬೇಕು ಎಂದಳು ಅವ್ವ. ಇವತ್ತಿಗೂ ಸುಡುಬಿಸಿಲಿನ ರೀಲನ್ನು ನಾನು ಹಾಗೆಯೇ ತೊಳೆಯುತ್ತೇನೆ, ಕೊನೆಯ ನುಡಿ ಬಿಟ್ಟು.

ರೀಲು ಒಣಗಿತು. ಕೆಂಪು ಬಲ್ಬಿನ ಕೆಳಗೆ ನಾನು, ಅವ್ವ, ಬಾಗಿಲ ಕೌದಿ ಸರಿಮಾಡುತ್ತ ಅಪ್ಪ. ಕಾಗದಕ್ಕೆ ಬೆಳಕು ಕೊಟ್ಟು ಅಪ್ಪನೇ ಅದನ್ನು ಅವ್ವನ ಕೈಗಿತ್ತ. ಅವ್ವ ತಾಟಿಗೆ ಬಿಟ್ಟಳು. ಸ್ವಲ್ಪ ಹೊತ್ತು ಬರೀ ಬಿಳಿ. ಆಮೇಲೆ ಆ ಬಿಳಿಯ ನಡುವೆ, ಬೇರೆ ಯಾವುದೂ ಬರುವ ಮೊದಲು, ಒಂದು ಮುಖ ಬಂತು. ಹುಬ್ಬು, ಕೆನ್ನೆ, ಮೂಗು, ಒತ್ತಿ ಹಿಡಿದ ತುಟಿ. ಆಮೇಲೆ ಕಣ್ಣು, ಕಣ್ಣೊಳಗೆ ಕಾಕಾನ ಬಟ್ಟೆಯ ಸಣ್ಣ ಬಿಳಿ ಚೂರು. ಕೆನ್ನೆಯ ಮೇಲೆ ಬೆವರಿನ ಹೊಳಪು. ಸೀರೆ ಬರಲೇ ಇಲ್ಲ. ಹೆಗಲಿನ ಗೆರೆಯೊಂದು ಬಿಟ್ಟರೆ ಉಳಿದದ್ದೆಲ್ಲ ಕಾಗದ. ಅವ್ವ ತಾಟನ್ನು ಅಲುಗಿಸುವುದನ್ನು ಮರೆತು ನೋಡುತ್ತಿದ್ದಳು.

"ಎಲ್ಲಾರ ಮಾರಿ ಕಡೀಕ ಬರ್ತಾವು," ಎಂದಳು. "ನಂದು ಮೊದಲ ಬಂತು."

ನಾನು ಗೊಳೋ ಎಂದು ಅತ್ತೆ. ಗೆದ್ದವರೂ ಅಳುತ್ತಾರೆ ಎಂದು ನನಗೆ ಆಗಲೇ ಗೊತ್ತಾದದ್ದು.

ಅಪ್ಪ ಆ ನೆಗೆಟಿವ್ವನ್ನು ಪಡಸಾಲೆಯ ಬೆಳಕಿಗೆ ಒಯ್ದು ಮೇಜಿನ ಮೇಲಿಟ್ಟುಕೊಂಡು ಕೂತ. ರೂಢಿಯಂತೆ ಕೈ ಪೆನ್ಸಿಲ್ಲಿಗೆ ಹೋಯಿತು. ನಾನು ಮೇಜಿನ ಈಚೆ ನಿಂತಿದ್ದೆ, ಅವ್ವ ಹೊಸ್ತಿಲಲ್ಲಿ. ಅಪ್ಪ ನಮ್ಮಿಬ್ಬರನ್ನೂ ನೋಡಿ, ಪೆನ್ಸಿಲ್ಲನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು ಎದ್ದುಹೋದ. ಅವನು ಪೆನ್ಸಿಲ್ ಬಿಟ್ಟುಬಿಟ್ಟ ಎಂದು ಹೇಳಿದರೆ ಸುಳ್ಳಾಗುತ್ತದೆ. ಗಿರಾಕಿಗಳು ಕೇಳುತ್ತಿದ್ದರು, ಅವನು ತೀಡುತ್ತಿದ್ದ. ಈಗ ಆ ಪೆನ್ಸಿಲ್ ನಮ್ಮ ಮಕ್ಕಳ ಫೋನಿನೊಳಗೆ ಸೇರಿಕೊಂಡಿದೆ, ಯಾರೂ ಕೇಳದಿದ್ದರೂ ತಾನೇ ತೀಡುತ್ತದೆ. ಆದರೆ ನಮ್ಮ ಮನೆಯ ಮುಖಗಳಿಗೆ ಅಪ್ಪ ಮತ್ತೆ ಪೆನ್ಸಿಲ್ ಮುಟ್ಟಿಸಲಿಲ್ಲ.

ಸಂಜೆಗೆ ಅವ್ವ ಗೋಡೆಯಿಂದ ಆ ಕಟ್ಟನ್ನು ಇಳಿಸಿ, ಹಳೆಯದನ್ನು ಬಿಚ್ಚಿ, ಹೊಸದನ್ನು ಕೂರಿಸಿ, ಅದೇ ಮೊಳೆಗೆ ಹಾಕಿದಳು, ಮುಖ ನಮ್ಮ ಕಡೆ ಮಾಡಿ. ಆಯಿ ತಸಬಿ ಹಿಡಿದೇ ಎದ್ದು ಬಂದಳು. ದೂರದಿಂದ ನೋಡಿದಳು, ಹತ್ತಿರ ಹೋಗಿ ನೋಡಿದಳು. ಅಷ್ಟು ವರ್ಷ ಆ ಮುಖದವಳ ಕೈಯಡಿಗೆ ಉಂಡವಳು, ಅದನ್ನು ಈಗಷ್ಟೇ ಕಂಡವಳಂತೆ ಬಹಳ ಹೊತ್ತು ನಿಂತಳು. ಸೋಲೊಪ್ಪುವುದು ಆಯಿಯ ರಕ್ತದಲ್ಲಿ ಇರಲಿಲ್ಲ. ಕಡೆಗೆ ಒಂದು ತಪ್ಪು ಸಿಕ್ಕಿತು.

"ನಾ ಕೊಟ್ಟ ಸೀರಿನ ಕಾಣವಲ್ದಲ್ಲವಾ ಇದರಾಗ."

ಅವ್ವ ಒಲೆಗೆ ಕಟ್ಟಿಗೆ ಆರಿಸುತ್ತಿದ್ದಳು. ತಿರುಗಿ ನೋಡಲಿಲ್ಲ.

"ಸೀರಿ ಟ್ರಂಕಿನ್ಯಾಗ ಐತ್ರಿ ಅತ್ತಿ. ನೋಡಬೇಕಾದ್ರ ಅಲ್ಲಿ ನೋಡ್ರಿ."